ತಾನಾಗಿ ನುಡಿಯುವ ಆಂಬಿಯೆಂಟ್ ಪ್ಯಾಚ್ ಹತ್ತೇ ನಿಮಿಷಕ್ಕೆ ಬೇಸರ ತರಿಸುವುದೇಕೆ?

ನಿಧಾನಲಯ

ಎಲ್ಲರಿಗೂ ನಮಸ್ಕಾರ. ನಾನು ಎಂಟು ತಿಂಗಳಿಂದ ಕಂಪ್ಯೂಟರಿನ ತಂತ್ರಾಂಶವಾದ ವಿಸಿವಿ ರ‍್ಯಾಕ್‌ನಲ್ಲಿ ಮಾಡ್ಯುಲರ್ ಸಿಂಥೆಸಿಸ್, ಅಂದರೆ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ಗಳಿಂದ ಜೋಡಿಸಿ ಸದ್ದು ಹುಟ್ಟಿಸುವುದನ್ನು ಕಲಿಯುತ್ತಿದ್ದೇನೆ. ಒಮ್ಮೆ ಕೇಬಲ್‌ಗಳನ್ನು ಜೋಡಿಸಿ ಕೈ ತೆಗೆದ ಮೇಲೆ ಗಂಟೆಗಟ್ಟಲೆ ತಾನಾಗಿಯೇ ನುಡಿಯುತ್ತ ಹೋಗುವ, ಓದುವಾಗಲೋ ಬರೆಯುವಾಗಲೋ ಹಿನ್ನೆಲೆಯಲ್ಲಿ ಇಟ್ಟುಕೊಳ್ಳಬಹುದಾದ ಆಂಬಿಯೆಂಟ್ ಸಂಗೀತವನ್ನು ಮಾಡಬೇಕೆಂಬುದು ನನ್ನ ಬಯಕೆ. ಪ್ಯಾಚ್ (ಆ ಜೋಡಣೆ) ಏನೋ ನುಡಿಯುತ್ತಿದೆ, ಆದರೆ ಅದರಲ್ಲಿ ಎರಡು ತೊಂದರೆಗಳಿವೆ.

ಮೊದಲು ಪ್ಯಾಚ್ ಹೇಗಿದೆ ಎಂದು ಹೇಳಿಬಿಡುತ್ತೇನೆ. 2 ಸೆಕೆಂಡಿಗೊಮ್ಮೆ ಮಿಡಿಯುವ ಒಂದು ಕ್ಲಾಕ್ ಇದೆ. ಅದು ವೈಟ್ ನಾಯ್ಸ್ (ಗೊತ್ತುಗುರಿಯಿಲ್ಲದ ಗದ್ದಲ) ಕೊಟ್ಟಿರುವ, ಪ್ರತಿ ಮಿಡಿತಕ್ಕೂ ಅದರಿಂದ ಒಂದು ವೋಲ್ಟೇಜ್ ಹೆಕ್ಕಿ ಹಿಡಿದಿಡುವ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಹೋಗುತ್ತದೆ, ಅಲ್ಲಿಂದ ಬರುವ ವೋಲ್ಟೇಜ್ ಐದು ಸ್ವರಗಳಿಗೆ ಕಟ್ಟಿಹಾಕಿದ ಕ್ವಾಂಟೈಜರ್ (ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ಕೂರಿಸುವುದು) ಮೂಲಕ, ನಾದ ಹುಟ್ಟಿಸುವ ಎರಡು ಆಸಿಲೇಟರ್‌ಗಳನ್ನು ಸೇರುತ್ತದೆ. ಎರಡನೆಯ ಆಸಿಲೇಟರ್ ಮೊದಲನೆಯದಕ್ಕಿಂತ ಒಂದು ಸ್ಥಾಯಿ ಕೆಳಗಿದೆ. ಅದೇ ಕ್ಲಾಕ್ ಒಂದು ಬರ್ನೂಲಿ ಗೇಟ್ ಮೂಲಕವೂ ಹಾದುಹೋಗುತ್ತದೆ. ಆ ಗೇಟ್ ಮಿಡಿತಗಳಲ್ಲಿ ಸುಮಾರು ಅರ್ಧದಷ್ಟನ್ನು ನುಂಗಿ, ಉಳಿದವನ್ನು, ಪ್ರತಿ ಸ್ವರದ ಸದ್ದನ್ನು ಏರಿಸಿ ಇಳಿಸುವ ಎನ್ವಲಪ್‌ಗೆ ಬಿಡುತ್ತದೆ. ಎನ್ವಲಪ್‌ನ ರಿಲೀಸ್, ಅಂದರೆ ನಾದ ಇಳಿದು ಅಡಗಲು ಹಿಡಿಯುವ ಹೊತ್ತು, 4 ಸೆಕೆಂಡ್. ಕೊನೆಗೆ ಒಂದು ದೊಡ್ಡ ರಿವರ್ಬ್ (ಅನುರಣನ). ಇದೆಲ್ಲ ಸೇರಿ ಒಂದು ಧ್ವನಿ; ಎರಡನೆಯ ಧ್ವನಿಯೂ ಬೇರೆ ಕ್ಲಾಕ್ ಮತ್ತು ಬೇರೆ ನಾಯ್ಸ್ ಇಟ್ಟುಕೊಂಡು ಇದೇ ರೀತಿಯಲ್ಲಿ ನಡೆಯುತ್ತದೆ.

ಮೊದಲ ತೊಂದರೆ ಏನೆಂದರೆ, ಆರಂಭದ ಮೂರು ನಾಲ್ಕು ನಿಮಿಷ ಇದು ಬಹಳ ಚೆನ್ನಾಗಿ ಕೇಳಿಸುತ್ತದೆ, ಹತ್ತು ನಿಮಿಷ ಕಳೆಯುವ ಹೊತ್ತಿಗೆ, ಒಂದು ಸ್ವರವೂ ಹಿಂದಿನ ಕ್ರಮದಲ್ಲಿ ಬರದಿದ್ದರೂ, ಎಲ್ಲವೂ ಆಗಲೇ ಕೇಳಿದ್ದು ಎನ್ನಿಸತೊಡಗುತ್ತದೆ. ಎರಡನೆಯದು, ಒಂದು ಸ್ವರದ ನಾದ ಇಳಿಯುತ್ತಿರುವಾಗಲೇ, ಅದರ ಬಾಲದ ನಡುವಿನಲ್ಲಿ, ಅದು ಹೊಸದಾಗಿ ನುಡಿಯದೆಯೇ ಬೇರೊಂದು ಸ್ವರಕ್ಕೆ ಜಿಗಿಯುತ್ತದೆ. ಮೊದಲನೆಯದಕ್ಕೆ ಇನ್ನೂ ಒಂದೆರಡು ಯಾದೃಚ್ಛಿಕ ಮಾಡ್ಯೂಲ್‌ಗಳನ್ನು ಸೇರಿಸಬೇಕೇ? ಎರಡನೆಯದು ತಂತ್ರಾಂಶದ ದೋಷವೇ?

ತಂತಿಜಾಲ

ನಿಧಾನಲಯ ಅವರೇ, ಇನ್ನೊಂದು ಯಾದೃಚ್ಛಿಕ ಮಾಡ್ಯೂಲ್ ಸೇರಿಸಿದರೆ ಬೇಸರ ಇನ್ನಷ್ಟು ಬೇಗ ಬರುತ್ತದೆಯೇ ಹೊರತು ಹೋಗುವುದಿಲ್ಲ. ವೈಟ್ ನಾಯ್ಸ್‌ನಿಂದ ಹೆಕ್ಕಿದ ಪ್ರತಿ ವೋಲ್ಟೇಜೂ ಅದರ ಹಿಂದಿನದರೊಡನೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳದ ಕಾರಣ, ನಿಮ್ಮ ಪ್ಯಾಚಿನ ಮೂರನೆಯ ನಿಮಿಷಕ್ಕೂ ಮೂವತ್ತನೆಯ ನಿಮಿಷಕ್ಕೂ ಬಿಡಿ ಸ್ವರಗಳಲ್ಲಿ ವ್ಯತ್ಯಾಸವಿದೆಯೇ ವಿನಾ ನಡೆಯಲ್ಲಿ ವ್ಯತ್ಯಾಸವಿಲ್ಲ. ಕಿವಿ ಇದನ್ನು ಬಹಳ ಬೇಗ ಪತ್ತೆಹಚ್ಚುತ್ತದೆ. ಇಲ್ಲಿ ನೆನಪಿಡುವಂಥದ್ದು ಏನೂ ಇಲ್ಲ ಎಂದು ಗೊತ್ತಾದೊಡನೆ ಅದು ಕಾಯುವುದನ್ನೇ ಬಿಟ್ಟುಬಿಡುತ್ತದೆ.

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ನಿಮ್ಮ ನಾಯ್ಸ್‌ನ ವೋಲ್ಟೇಜ್ ಎಷ್ಟರಿಂದ ಎಷ್ಟಕ್ಕೆ ಹೋಗುತ್ತದೆ ಎಂದು ಸ್ಕೋಪ್‌ನಲ್ಲಿ ನೋಡಿ. ಒಂದು ವೋಲ್ಟ್‌ಗೆ ಒಂದು ಸ್ಥಾಯಿ ಎಂಬ ಲೆಕ್ಕದಲ್ಲಿ, −5ರಿಂದ +5 ವೋಲ್ಟ್‌ವರೆಗಿನ ಏರಿಳಿತ ಎಂದರೆ ಹತ್ತು ಸ್ಥಾಯಿಗಳಾಯಿತು, ಅಂದರೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಮನುಷ್ಯನ ಕಿವಿಗೆ ದಕ್ಕುವ ಹೆಚ್ಚುಕಡಿಮೆ ಇಡೀ ವ್ಯಾಪ್ತಿ. ವೋಲ್ಟೇಜನ್ನು ತಗ್ಗಿಸುವ ಅಟೆನ್ಯುಯೇಟರ್ ಹಾಕಿ ಅದನ್ನು ಒಂದೂವರೆ ಸ್ಥಾಯಿಗೆ ಇಳಿಸಿ, ಕ್ವಾಂಟೈಜರ್ ಮುಟ್ಟುವ ಮೊದಲೇ. ನನ್ನ ಅನುಭವದಲ್ಲಿ ಮಾಡ್ಯುಲರ್ ಕಲಿಯುವವರು ಅತಿ ಕಡಿಮೆ ಬಳಸುವ ಮಾಡ್ಯೂಲ್ ಎಂದರೆ ಅಟೆನ್ಯುಯೇಟರ್, ಅತಿ ಹೆಚ್ಚು ಬೇಕಾಗಿರುವುದೂ ಅದೇ.

ಇನ್ನು ನೆನಪಿನ ವಿಚಾರ. ಟಾಮ್ ವಿಟ್‌ವೆಲ್ ಅವರು 2012ರಲ್ಲಿ ಮ್ಯೂಸಿಕ್ ಥಿಂಗ್ ಮಾಡ್ಯುಲರ್ ಹೆಸರಿನಲ್ಲಿ ಹೊರತಂದ ಟ್ಯೂರಿಂಗ್ ಮಷಿನ್ ಎಂಬ ಮಾಡ್ಯೂಲಿನ ವಿನ್ಯಾಸವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅದೇ ರೀತಿ ಕೆಲಸ ಮಾಡುವ ಹಲವು ಮಾಡ್ಯೂಲ್‌ಗಳು ರ‍್ಯಾಕ್‌ನಲ್ಲಿಯೂ ಸಿಗುತ್ತವೆ. ಅದರೊಳಗೆ 16 ಬಿಟ್‌ಗಳ ಒಂದು ಶಿಫ್ಟ್ ರಿಜಿಸ್ಟರ್ ಇದೆ. ಪ್ರತಿ ಮಿಡಿತಕ್ಕೂ ಬಿಟ್‌ಗಳೆಲ್ಲ ಒಂದು ಸ್ಥಾನ ಮುಂದೆ ಸರಿಯುತ್ತವೆ, ಕೊನೆಯದು ಸುತ್ತಿಬಂದು ಮೊದಲಿಗೆ ಸೇರುತ್ತದೆ. ಸೇರುವಾಗ ಅದು ಹಾಗೆಯೇ ಸೇರಬೇಕೋ ಬದಲಾಗಬೇಕೋ ಎಂಬುದನ್ನು ನಡುವಿನ ದೊಡ್ಡ ನಾಬ್ ನಿರ್ಧರಿಸುತ್ತದೆ. ನಾಬ್ ನಡುವಿನಲ್ಲಿ ನೇರವಾಗಿ ನಿಂತಿದ್ದರೆ ಪೂರ್ತಿ ಯಾದೃಚ್ಛಿಕ, ಬಲಕ್ಕೆ ಪೂರ್ತಿ ತಿರುಗಿಸಿದರೆ ಬೀಗ ಹಾಕಿದಂತೆ ಒಂದೇ ಆವರ್ತ. ಸೊಗಸು ಇರುವುದು ಬಲತುದಿಗೆ ತುಸು ಮೊದಲು. ಉದಾಹರಣೆಗೆ, ಎಂಟು ಹೆಜ್ಜೆಗಳ ಆವರ್ತದಲ್ಲಿ ಪ್ರತಿ ಹೆಜ್ಜೆಗೂ ಬದಲಾವಣೆಯ ಸಾಧ್ಯತೆ 50ಕ್ಕೆ 1 ಇರುವಂತೆ ಇಟ್ಟರೆ, ನಿಮ್ಮ 2 ಸೆಕೆಂಡಿನ ಕ್ಲಾಕ್‌ಗೆ ಸರಾಸರಿ 100 ಸೆಕೆಂಡಿಗೊಮ್ಮೆ ಒಂದೇ ಒಂದು ಬಿಟ್ ಬದಲಾಗುತ್ತದೆ. ಅಷ್ಟರಲ್ಲಿ ಕೇಳುಗ ಆ ಎಳೆಯನ್ನು ಐದಾರು ಬಾರಿ ಕೇಳಿ ಪರಿಚಯ ಮಾಡಿಕೊಂಡಿರುತ್ತಾನೆ. ಪರಿಚಯವಾದದ್ದು ಬದಲಾದಾಗ ಮಾತ್ರ ಬದಲಾವಣೆ ಬದಲಾವಣೆಯಾಗಿ ಕೇಳಿಸುತ್ತದೆ.

ಸುತ್ತಿ ಬರುವ ಆವರ್ತವೇ ಬೇಡವೆನ್ನಿಸಿದರೆ ಇನ್ನೊಂದು ದಾರಿ ಇದೆ. ರಿಚರ್ಡ್ ವಾಸ್ ಮತ್ತು ಜಾನ್ ಕ್ಲಾರ್ಕ್ ಎಂಬ ಭೌತವಿಜ್ಞಾನಿಗಳು 1975ರಲ್ಲಿ, ಸಂಗೀತದ ಮತ್ತು ಮಾತಿನ ಏರಿಳಿತಗಳು ವೈಟ್ ನಾಯ್ಸ್‌ನಷ್ಟು ಚದುರಿಯೂ ಇಲ್ಲ, ಹೆಜ್ಜೆ ಹೆಜ್ಜೆಗೂ ಅಲೆಯುವ ರ‍್ಯಾಂಡಮ್ ವಾಕ್‌ನಷ್ಟು ಅಂಟಿಕೊಂಡೂ ಇಲ್ಲ, ಎರಡರ ನಡುವಿನ 1/f ಎಂಬ ಬಗೆಗೆ ಹತ್ತಿರವಾಗಿವೆ ಎಂದು ತೋರಿಸಿದರು. ವಾಸ್ ಸೂಚಿಸಿದ ದಾಳಗಳ ಉಪಾಯವನ್ನು ಪ್ಯಾಚ್‌ನಲ್ಲಿ ಮಾಡುವುದು ಸುಲಭ. ಮೂರು ಸ್ಯಾಂಪಲ್ ಅಂಡ್ ಹೋಲ್ಡ್ ತೆಗೆದುಕೊಂಡು, ಮೊದಲನೆಯದಕ್ಕೆ ಪ್ರತಿ ಮಿಡಿತವನ್ನೂ, ಎರಡನೆಯದಕ್ಕೆ ಎರಡಕ್ಕೊಂದನ್ನೂ, ಮೂರನೆಯದಕ್ಕೆ ನಾಲ್ಕಕ್ಕೊಂದನ್ನೂ ಕೊಟ್ಟು, ಮೂರರ ವೋಲ್ಟೇಜ್‌ಗಳನ್ನು ಮಿಕ್ಸರ್‌ನಲ್ಲಿ ಕೂಡಿಸಿದರೆ ಆಯಿತು. ಆಗ ಎಳೆ ಸ್ವಲ್ಪ ಹೊತ್ತು ಒಂದು ಪ್ರದೇಶದಲ್ಲಿ ಸುಳಿದಾಡಿ, ಆಮೇಲೆ ಇದ್ದಕ್ಕಿದ್ದಂತೆ ಇನ್ನೊಂದೆಡೆಗೆ ಹೋಗಿ ನೆಲೆಸುತ್ತದೆ.

ಮೂರನೆಯ ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಎರಡು ಧ್ವನಿಗಳು ಒಂದನ್ನೊಂದು ಕೇಳಿಸಿಕೊಳ್ಳುತ್ತಿಲ್ಲ. ಎರಡಕ್ಕೂ ಬೇರೆ ನಾಯ್ಸ್, ಬೇರೆ ಕ್ಲಾಕ್ ಕೊಟ್ಟಿದ್ದೀರಿ, ಹಾಗಾಗಿ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಕುಳಿತ ಇಬ್ಬರಂತಾಗಿದೆ. ಎರಡನೆಯ ನಾಯ್ಸ್ ತೆಗೆದುಹಾಕಿ, ಅನಲಾಗ್ ಶಿಫ್ಟ್ ರಿಜಿಸ್ಟರ್ ಒಂದನ್ನು ನಡುವೆ ಇಟ್ಟು, ಮೊದಲ ಧ್ವನಿ ಈಗ ನುಡಿದ ಸ್ವರವನ್ನು ಎರಡನೆಯದು ಒಂದು ಹೆಜ್ಜೆ ತಡವಾಗಿ ನುಡಿಯುವಂತೆ ಮಾಡಿ ನೋಡಿ. ಜೊತೆಗೆ, ಒಂದೆರಡು ನಿಮಿಷಕ್ಕೊಮ್ಮೆ ಏರಿಳಿಯುವ ಒಂದೇ ಒಂದು ನಿಧಾನವಾದ ಯಾದೃಚ್ಛಿಕ ವೋಲ್ಟೇಜನ್ನು ಫಿಲ್ಟರ್‌ಗೂ ರಿವರ್ಬ್‌ಗೂ ಬರ್ನೂಲಿ ಗೇಟ್‌ನ ಸಾಧ್ಯತೆಗೂ ಹಂಚಿ. ಕೆಲವೆಡೆ ಅಟೆನ್ಯುವರ್ಟರ್‌ನಿಂದ ತಿರುಗುಮುರುಗು ಮಾಡಿ ಕೊಟ್ಟರೆ, ಸ್ವರಗಳು ವಿರಳವಾಗುತ್ತ ಬಂದಂತೆ ನಾದ ಮಂದವಾಗಿ ರಿವರ್ಬ್ ಹಿಗ್ಗುತ್ತದೆ. ಆ ವೋಲ್ಟೇಜ್ 3 ವೋಲ್ಟ್ ದಾಟಿದಾಗ ಮಾತ್ರ ಕಂಪಾರೇಟರ್ ಒಂದು ಘಂಟೆಯಂಥ ಧ್ವನಿಗೆ ಬಾಗಿಲು ತೆರೆಯುವಂತೆ ಮಾಡಿದರೆ, ಆ ಧ್ವನಿ ಕೆಲವೊಮ್ಮೆ ಹದಿನೈದು ನಿಮಿಷ ಕಾಣಿಸಿಕೊಳ್ಳುವುದೇ ಇಲ್ಲ. ಸಿಂಥೆಸೈಜರ್ ವಿನ್ಯಾಸಕ ಡಾನ್ ಬುಕ್ಲಾ 1970ರ ದಶಕದಲ್ಲಿ ತಮ್ಮ 266 ಸಂಖ್ಯೆಯ ಮಾಡ್ಯೂಲಿಗೆ ‘ಅನಿಶ್ಚಿತತೆಯ ಮೂಲ’ ಎಂಬರ್ಥದ ಹೆಸರಿಟ್ಟು, ಅದರೊಳಗೆ ಒಂದಲ್ಲ ಹಲವು ಬಗೆಯ ಯಾದೃಚ್ಛಿಕ ವೋಲ್ಟೇಜ್‌ಗಳನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಮಂದ್ರ

ತಂತಿಜಾಲ ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಯಾದೃಚ್ಛಿಕತೆ ಬೇಕೇ ಬೇಕು ಎಂಬ ಊಹೆಯಿಂದಲೇ ಇಬ್ಬರೂ ಹೊರಟಿದ್ದೀರಿ. ಅದನ್ನು ಒಮ್ಮೆ ಪೂರ್ತಿಯಾಗಿ ತೆಗೆದುಹಾಕಿ ನೋಡಬೇಕೆಂದು ನನ್ನ ಸಲಹೆ.

ಆಂಬಿಯೆಂಟ್ ಸಂಗೀತಕಾರ ಬ್ರಯಾನ್ ಈನೋ ಅವರ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮಿನ ಎರಡನೆಯ ಭಾಗದಲ್ಲಿ ಪಗಡೆಯಾಟ ಏನೂ ಇಲ್ಲ. ಒಂದೊಂದು ಟೇಪ್ ಸುರುಳಿಯಲ್ಲಿ ಹಾಡಿ ಧ್ವನಿಮುದ್ರಿಸಿದ ಒಂದೊಂದೇ ಸ್ವರ, ಪ್ರತಿ ಸುರುಳಿಗೂ ಬೇರೆ ಉದ್ದ. ಅವುಗಳಲ್ಲಿ ಮೂರರ ಅಳತೆಯನ್ನು ಅವರೇ 1996ರ ಭಾಷಣವೊಂದರಲ್ಲಿ ಹೇಳಿದ್ದಾರೆ: ಒಂದು 23½ ಸೆಕೆಂಡಿಗೊಮ್ಮೆ, ಇನ್ನೊಂದು 25⅞ ಸೆಕೆಂಡಿಗೊಮ್ಮೆ, ಮೂರನೆಯದು 29 15/16 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ಟೇಪ್ ಎಷ್ಟು ಉದ್ದವಾಗಿತ್ತೆಂದರೆ ಅದನ್ನು ಧ್ವನಿಮುದ್ರಣ ನಿರ್ಮಾಪಕ ಕಾನಿ ಪ್ಲ್ಯಾಂಕ್ ಅವರ ಸ್ಟುಡಿಯೋದ ಅಲ್ಯೂಮಿನಿಯಂ ಕುರ್ಚಿಗಳ ಸುತ್ತ ಹಾಯಿಸಿ ಓಡಿಸಬೇಕಾಯಿತಂತೆ. ಕುತೂಹಲಕ್ಕೆಂದು ನಾನು ಲೆಕ್ಕ ಹಾಕಿದೆ. ಈ ಮೂರು ಸುರುಳಿಗಳು ಒಟ್ಟಿಗೆ ಹೊರಟು ಮತ್ತೆ ಅದೇ ಜೋಡಣೆಗೆ ಬಂದು ಸೇರಲು ಸುಮಾರು 27 ದಿನ ಬೇಕು. ನಿಜವಾದ ಟೇಪ್ ಯಂತ್ರಗಳ ವೇಗ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲವಾದ್ದರಿಂದ ಆ ದಿನ ಬರುವುದೇ ಇಲ್ಲ ಎನ್ನಿ.

ಇದನ್ನು ರ‍್ಯಾಕ್‌ನಲ್ಲಿ ಮಾಡಲು ಬೇಕಾದದ್ದು ಬಹಳ ನಿಧಾನವಾಗಿ ಮಿಡಿಯುವ ಆಸಿಲೇಟರ್‌ಗಳಾದ ಐದಾರು ಎಲ್‌ಎಫ್‌ಒಗಳು ಮಾತ್ರ. ಪ್ರತಿ ಎಲ್‌ಎಫ್‌ಒದ ಚೌಕ ಅಲೆಯನ್ನು ಟ್ರಿಗರ್ (ಸ್ವರವನ್ನು ನುಡಿಸುವ ಮಿಡಿತ) ಎಂದು ಬಳಸಿ, ಪ್ರತಿಯೊಂದಕ್ಕೂ ಬದಲಾಗದ ಒಂದೇ ಸ್ವರವನ್ನು ಗೊತ್ತುಮಾಡಿ. ಅವಧಿಗಳನ್ನು ಆಯ್ದುಕೊಳ್ಳುವಾಗ ಎಚ್ಚರವಿರಲಿ. 12, 18, 24 ಸೆಕೆಂಡ್ ಎಂದು ಇಟ್ಟರೆ 72 ಸೆಕೆಂಡಿಗೆಲ್ಲ ಚಕ್ರ ಮುಗಿದುಹೋಗುತ್ತದೆ. 17, 19, 23 ಎಂದು ಇಟ್ಟರೆ 7,429 ಸೆಕೆಂಡ್, ಅಂದರೆ ಎರಡು ಗಂಟೆಗೂ ಮಿಕ್ಕಿ ನಡೆಯುತ್ತದೆ. ಮಂದ್ರದ ಷಡ್ಜ ಆಗಾಗ ಬರಲಿ, ಪಂಚಮ ಅದಕ್ಕಿಂತ ತುಸು ವಿರಳವಾಗಿ ಬರಲಿ, ತಾರಸ್ಥಾಯಿಯ ಸ್ವರಗಳಿಗೆ 40 ಸೆಕೆಂಡಿಗಿಂತ ದೀರ್ಘವಾದ ಅವಧಿ ಇರಲಿ. ಸ್ವರಗಳು ಬಿಡಿಬಿಡಿಯಾಗಿಯೂ, ಕೆಲವೊಮ್ಮೆ ಮೂರು ಒಟ್ಟಿಗೆ ಗುಂಪಾಗಿಯೂ ಬೀಳುತ್ತವೆ. ನಡುವೆ ಹತ್ತು ಸೆಕೆಂಡ್ ಏನೂ ನುಡಿಯದೆ ಇರುವುದೂ ಉಂಟು. ಆ ಮೌನವನ್ನು ತುಂಬಲು ಹೋಗಬೇಡಿ. ನಿಮ್ಮ ಈಗಿನ ಪ್ಯಾಚ್‌ನಲ್ಲಿ 4 ಸೆಕೆಂಡಿನ ರಿಲೀಸ್, ಅದರ ಮೇಲೆ ದೊಡ್ಡ ರಿವರ್ಬ್ ಇರುವುದರಿಂದ, ಎಷ್ಟೇ ಮಿಡಿತಗಳನ್ನು ನುಂಗಿಸಿದರೂ ಮೌನಕ್ಕೆ ಜಾಗವೇ ಇಲ್ಲ.

ಕೇಬಲ್‌ಗುಟ್ಟು

ಎರಡನೆಯ ತೊಂದರೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದೊಂದನ್ನೇ ಹೇಳುತ್ತೇನೆ. ಅದು ತಂತ್ರಾಂಶದ ದೋಷವಲ್ಲ, ಒಂದು ಕೇಬಲ್ ತಪ್ಪು ಜಾಗದಲ್ಲಿದೆ, ಅಷ್ಟೆ. ನಿಮ್ಮ ವಿವರಣೆಯ ಪ್ರಕಾರ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಕ್ಲಾಕಿನ ಎಲ್ಲ ಮಿಡಿತಗಳೂ ಹೋಗುತ್ತಿವೆ, ಎನ್ವಲಪ್‌ಗೆ ಮಾತ್ರ ಬರ್ನೂಲಿ ಗೇಟ್ ಬಿಟ್ಟ ಮಿಡಿತಗಳು ಹೋಗುತ್ತಿವೆ. ಗೇಟ್ ಒಂದು ಮಿಡಿತವನ್ನು ನುಂಗಿದಾಗ ಹೊಸ ಸ್ವರ ನುಡಿಯುವುದಿಲ್ಲ, ಆದರೆ ವೋಲ್ಟೇಜ್ ಬದಲಾಗುತ್ತದೆ, ಇನ್ನೂ ಇಳಿಯುತ್ತಿರುವ ಹಳೆಯ ನಾದ ಆ ವೋಲ್ಟೇಜಿನ ಹಿಂದೆ ಹೋಗಿಬಿಡುತ್ತದೆ. ಕ್ಲಾಕಿನಿಂದ ನೇರವಾಗಿ ಬರುತ್ತಿರುವ ಕೇಬಲನ್ನು ಕಿತ್ತು, ಬರ್ನೂಲಿ ಗೇಟ್‌ನ ಹೊರದಾರಿಯಿಂದಲೇ ಎನ್ವಲಪ್‌ಗೂ ಸ್ಯಾಂಪಲ್ ಅಂಡ್ ಹೋಲ್ಡ್‌ಗೂ ಟ್ರಿಗರ್ ಕೊಡಿ.

ಆದರೂ ಎರಡು ಮಿಡಿತಗಳು ಬೆನ್ನುಬೆನ್ನಿಗೆ ಬಂದಾಗ, ಅವುಗಳ ನಡುವಿನ ಅಂತರ 2 ಸೆಕೆಂಡ್, ರಿಲೀಸ್ 4 ಸೆಕೆಂಡ್ ಆಗಿರುವುದರಿಂದ, ಹಳೆಯ ಬಾಲ ಅರ್ಧದಲ್ಲೇ ಕತ್ತರಿಸಿ ಹೊಸ ಸ್ವರವಾಗುತ್ತದೆ. ಒಂದೇ ಆಸಿಲೇಟರ್ ಒಂದೇ ಹೊತ್ತಿಗೆ ಎರಡು ಸ್ವರ ಹಾಡಲಾರದು. ಅದಕ್ಕೆ ರಿಲೀಸನ್ನು ಒಂದು ಸೆಕೆಂಡಿಗಿಂತ ಕೆಳಗಿಳಿಸಿ, ಬಾಲವನ್ನು ರಿವರ್ಬ್‌ಗೆ ಒಪ್ಪಿಸುವುದು ಒಳ್ಳೆಯದು. ರಿವರ್ಬ್‌ನೊಳಗೆ ಸೇರಿಹೋದ ನಾದ ಆಮೇಲೆ ಆಸಿಲೇಟರ್ ಏನು ಮಾಡಿದರೂ ಬದಲಾಗುವುದಿಲ್ಲ. ಸದ್ದಿನ ಮಟ್ಟವನ್ನಷ್ಟೇ ಏರಿಳಿಸುವ ವಿಸಿಎ ಬದಲು ಲೋ ಪಾಸ್ ಗೇಟ್ ಬಳಸಿದರೆ ಇನ್ನೂ ಚೆನ್ನ. ಅದರಲ್ಲಿ ಸದ್ದಿನ ಮಟ್ಟವೂ ಹೊಳಪೂ ಒಟ್ಟಿಗೆ ಇಳಿಯುವುದರಿಂದ, ಮರದ ತುಂಡನ್ನೋ ಬಟ್ಟಲನ್ನೋ ತಟ್ಟಿದಂಥ ಸಹಜವಾದ ಇಳಿತ ಸಿಗುತ್ತದೆ.

ಮುಂದೆ ನೀವು ತಂತ್ರಾಂಶ ಬಿಟ್ಟು ನಿಜವಾದ ಮಾಡ್ಯೂಲ್‌ಗಳ ಭೌತಿಕ ಯೂರೋರ‍್ಯಾಕ್‌ಗೆ ಹೋದರೆ ಇದರದ್ದೇ ಇನ್ನೊಂದು ರೂಪವನ್ನು ಕಾಣುವಿರಿ. ಕೆಲವು ಡಿಜಿಟಲ್ ಕ್ವಾಂಟೈಜರ್‌ಗಳು ಹೊಸ ಸ್ವರವನ್ನು ಲೆಕ್ಕಹಾಕಿ ಕೊಡಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಎನ್ವಲಪ್ ತೆರೆದುಕೊಂಡು ಪ್ರತಿ ಸ್ವರದ ಮುಂದೆ ಹಿಂದಿನ ಸ್ವರದ ಒಂದು ಚಿಟುಕು ಕೇಳಿಸುತ್ತದೆ. ಟ್ರಿಗರನ್ನು ಅಷ್ಟೇ ತಡಮಾಡಿ ಕಳುಹಿಸಿದರೆ ಅದು ಹೋಗುತ್ತದೆ. ರ‍್ಯಾಕ್‌ನಲ್ಲಿ ಪ್ರತಿ ಕೇಬಲ್‌ಗೂ ಒಂದು ಸ್ಯಾಂಪಲ್‌ನಷ್ಟು, ಅಂದರೆ 48,000 ಹರ್ಟ್ಸ್‌ನಲ್ಲಿ 0.02 ಮಿಲಿಸೆಕೆಂಡಿನಷ್ಟು ಮಾತ್ರ ತಡವಿರುವುದರಿಂದ ನಿಮಗೆ ಸದ್ಯಕ್ಕೆ ಚಿಂತೆಯಿಲ್ಲ.

ನಿಧಾನಲಯ

ಮೂವರಿಗೂ ಧನ್ಯವಾದಗಳು. ಕೇಬಲ್‌ಗುಟ್ಟು ಅವರು ಹೇಳಿದ ಕೇಬಲನ್ನು ಬದಲಿಸಿದ ಕೂಡಲೇ ಬಾಲದ ಜಿಗಿತ ನಿಂತಿತು. ಇಷ್ಟು ದಿನ ಅದನ್ನು ಮರೆಮಾಚಲೆಂದು ರಿವರ್ಬ್ ಹೆಚ್ಚಿಸುತ್ತ ಹೋಗಿದ್ದೆ ಎಂಬುದು ಈಗ ಅರ್ಥವಾಯಿತು. ಅದನ್ನು ಅರ್ಧಕ್ಕೆ ಇಳಿಸಿದ್ದೇನೆ.

ಉಳಿದ ಸಲಹೆಗಳನ್ನು ಬೆರೆಸಿ ನೋಡಿದೆ. ತಳದಲ್ಲಿ ಮಂದ್ರ ಅವರು ಹೇಳಿದಂತೆ ನಾಲ್ಕು ಎಲ್‌ಎಫ್‌ಒಗಳ ನಾಲ್ಕು ಸ್ಥಿರ ಸ್ವರಗಳು, ಅದರ ಮೇಲೆ ಬೀಗಕ್ಕೆ ಹತ್ತಿರವಾಗಿ ಇಟ್ಟ ಎಂಟು ಹೆಜ್ಜೆಗಳ ಶಿಫ್ಟ್ ರಿಜಿಸ್ಟರ್. ಮೊನ್ನೆ ಸಂಜೆ ಬರೆಯುತ್ತ ಕುಳಿತಿದ್ದಾಗ, ಬಹಳ ಹೊತ್ತಿನಿಂದ ಮೇಲಕ್ಕೇರಿ ನಿಲ್ಲುತ್ತಿದ್ದ ಒಂದು ಎಳೆ ಒಮ್ಮೆಲೇ ಕೆಳಗೆ ಬಂದು ಮಂದ್ರದ ಷಡ್ಜದ ಮೇಲೆಯೇ ಕೂತಿತು. ಅದೇ ಕ್ಷಣಕ್ಕೆ ಷಡ್ಜದ ಎಲ್‌ಎಫ್‌ಒ ಕೂಡ ಮಿಡಿದಿತ್ತು. ನಾನು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದೆ. ಹಳೆಯ ಪ್ಯಾಚ್ ಎಂದೂ ಹಾಗೆ ಮಾಡಿಸಿರಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಇದನ್ನು ರಾತ್ರಿಯಿಡೀ ನುಡಿಯಲು ಬಿಟ್ಟು ಧ್ವನಿಮುದ್ರಿಸಬೇಕೆಂದಿದ್ದೇನೆ. ಪ್ರತಿಧ್ವನಿ ಕೊಡುವ ಡಿಲೇಯ ಫೀಡ್‌ಬ್ಯಾಕನ್ನೂ, ಅಂದರೆ ಅದು ಮತ್ತೆ ತನ್ನೊಳಗೆ ಹಾಯಿಸುವ ಸದ್ದಿನ ಪ್ರಮಾಣವನ್ನೂ, ಆ ನಿಧಾನವಾದ ವೋಲ್ಟೇಜಿಗೆ ಕಟ್ಟಬಹುದೇ?

ತಂತಿಜಾಲ

ಕಟ್ಟಬಹುದು, ಆದರೆ ನಾನು ಮಾಡಿಕೊಂಡ ಎಡವಟ್ಟನ್ನು ಕೇಳಿ ಕಟ್ಟಿ. ಒಮ್ಮೆ ನಾನು ರ‍್ಯಾಂಡಮ್ ವಾಕ್‌ನ ವೋಲ್ಟೇಜನ್ನು ನೇರವಾಗಿ ಡಿಲೇಯ ಫೀಡ್‌ಬ್ಯಾಕ್‌ಗೆ ಕೊಟ್ಟು ಧ್ವನಿಮುದ್ರಣಕ್ಕಿಟ್ಟು ಮಲಗಿದೆ. ಬೆಳಿಗ್ಗೆ ಫೈಲ್ ತೆರೆದರೆ ಮೊದಲ 40 ನಿಮಿಷ ಸಂಗೀತ, ಉಳಿದ ಆರು ಗಂಟೆ ಒಂದೇ ಸಮನೆ ಊಳಿಡುವ ಸದ್ದು. ಅಂಥ ಅಲೆದಾಟಕ್ಕೆ ತನ್ನಷ್ಟಕ್ಕೆ ನಡುವಿಗೆ ಮರಳಬೇಕೆಂಬ ನಿಯಮವಿರುವುದಿಲ್ಲ. ಅದು ಮೇಲಿನ ಮಿತಿಯನ್ನು ಮುಟ್ಟಿ ಬಹಳ ಹೊತ್ತು ಅಲ್ಲೇ ತಂಗಿದಾಗ ಫೀಡ್‌ಬ್ಯಾಕ್ 100 ಪ್ರತಿಶತ ದಾಟಿತು. ಆಮೇಲೆ ವೋಲ್ಟೇಜ್ ಕೆಳಗಿಳಿದರೂ ಮತ್ತೆ ಮತ್ತೆ ಮೇಲೆ ಹೋಗುತ್ತ ಡಿಲೇಯನ್ನು ತುಂಬಿಸುತ್ತಲೇ ಇತ್ತು.

ಆದ್ದರಿಂದ ಆ ವೋಲ್ಟೇಜಿಗೆ ಮೊದಲು ಅಟೆನ್ಯುಯೇಟರ್, ಆಮೇಲೆ ಆಫ್‌ಸೆಟ್ (ಸ್ಥಿರವಾಗಿ ಕೂಡಿಸುವ ವೋಲ್ಟೇಜ್) ಹಾಕಿ, ಅದು ಅತಿ ಎತ್ತರದಲ್ಲಿದ್ದಾಗಲೂ ಫೀಡ್‌ಬ್ಯಾಕ್ 80 ಪ್ರತಿಶತ ಮೀರದಂತೆ ನೋಡಿಕೊಳ್ಳಿ. ಅದನ್ನು ಪರೀಕ್ಷಿಸಲು ಇಡೀ ರಾತ್ರಿ ಕಾಯಬೇಕಿಲ್ಲ. ಯಾದೃಚ್ಛಿಕ ವೋಲ್ಟೇಜಿನ ಕೇಬಲ್ ಕಿತ್ತು, ಅದರ ಜಾಗದಲ್ಲಿ ಸ್ಥಿರವಾದ 10 ವೋಲ್ಟ್ ಕೊಟ್ಟು ಐದು ನಿಮಿಷ ಕೇಳಿ. ಸದ್ದು ಬೆಳೆಯುತ್ತ ಹೋಗದೆ ಒಂದು ಮಟ್ಟದಲ್ಲಿ ನಿಂತರೆ ಕೇಬಲನ್ನು ಹಿಂದಿನಂತೆ ಹಾಕಿ ಧ್ವನಿಮುದ್ರಣ ಆರಂಭಿಸಬಹುದು.

ಮಂದ್ರ

ಜೊತೆಗೆ ಕೊನೆಯಲ್ಲಿ, ಸದ್ದು ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಇರಲಿ. ನಿಮ್ಮ ನಾಲ್ಕು ಸ್ಥಿರ ಸ್ವರಗಳೂ ರಿಜಿಸ್ಟರ್‌ನ ಎಳೆಯೂ ಒಂದೇ ಕ್ಷಣಕ್ಕೆ ಬೀಳುವುದು ಅಪರೂಪವಾದರೂ, ಎಂಟು ಗಂಟೆಯಲ್ಲಿ ಒಂದೆರಡು ಬಾರಿಯಾದರೂ ಹಾಗಾಗುತ್ತದೆ. ಧ್ವನಿಮುದ್ರಣವಾದ ಮೇಲೆ ನೀವು ತಲೆಯೆತ್ತಿ ನೋಡಿದಿರಲ್ಲ, ಅಂಥ ಜಾಗ ಎಷ್ಟನೆಯ ನಿಮಿಷದಲ್ಲಿ ಬಂತು ಎಂದು ಇಲ್ಲಿ ಬರೆಯಿರಿ, ಕೇಳುವ ಆಸೆಯಿದೆ.